ತಾವು ಮೊದಲು

"ಕೇಳ್ರಪ್ಪೋ ಕೇಳಿ! ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವರ ತಲೆ ಹೋಗುತ್ತೆ!"

ಡಂಗುರ ಕೇಳಿ ಕಂಬಳಿ ನೇಯುವ ಕೆಂಚನ ಕೈ ಮಗ್ಗದ ಮೇಲೆ ನಿಂತಿತು. ಅರಮನೆಯ ದೀಪ ಕದ್ದಳೆಂದು ಅವನ ಅಕ್ಕ ಮಲ್ಲವ್ವನನ್ನು ಸೆರೆಮನೆಗೆ ಹಾಕಿ ವರ್ಷವಾಗಿತ್ತು. ತೀರ್ಪು ಮಾತ್ರ ಬಂದಿರಲಿಲ್ಲ.

ಮೊದಲು ಒಬ್ಬರೇ ಶಾಸ್ತ್ರಿಗಳು "ಹೀಗಿದ್ದರೆ ಹಾಗೆ" ಎಂಬ ಸೂತ್ರಗಳಿಂದ ನ್ಯಾಯ ಹೇಳುತ್ತಿದ್ದರು. ವ್ಯಾಜ್ಯ ಹೆಚ್ಚಿದಾಗ ದೊರೆ ಕೋಟೆಯ ಬುರುಜಿಗೊಬ್ಬ ಪಂಡಿತನನ್ನು ಕೂರಿಸಿ, ಒಂದೊಂದು ವ್ಯಾಜ್ಯವನ್ನೂ ತುಂಡು ಮಾಡಿ ಹಂಚಿದ. ಒಂದು ತಲೆಗೆಂದು ಮಾಡಿದ ಸೂತ್ರದ ಭಾಷೆ ಹಲವು ತಲೆಗಳಿಗೆ ಸಾಲುತ್ತದೆಯೇ ಎಂದು ಯಾರೂ ಯೋಚಿಸಲಿಲ್ಲ. ಅಂದಿನಿಂದ ಒಂದು ತೀರ್ಪೂ ಹೊರಬಿದ್ದಿರಲಿಲ್ಲ.

ಕೆಂಚ ಬುದ್ಧಿವಂತನೆಂದು ಹೋಗಲಿಲ್ಲ. ಬೇರೆ ದಾರಿಯಿಲ್ಲದೆ ಅರಮನೆಯ ಸಭೆಗೆ ಹೋದ.

"ಖಾಲಿಯಿರುವಾಗ ಎಲ್ಲರೂ ಕಾಯುತ್ತಾರೆ. ಒಬ್ಬ ಒಮ್ಮೆ ತುಂಬಿದರೆ ಎಲ್ಲರಲ್ಲೂ ತುಂಬುತ್ತದೆ. ಮತ್ತೆ ಬದಲಾಗದು. ಏನದು?" ಎಂದ ದೊರೆ.

"ಕೆರೆ," ಎಂದ ಒಬ್ಬ ರಾಜಕುಮಾರ. ಅವನನ್ನು ಎಳೆದೊಯ್ದರು. "ಬೊಕ್ಕಸ," ಎಂದ ಆಸ್ಥಾನ ಕವಿಯನ್ನೂ ಎಳೆದೊಯ್ದರು. ಕೆಂಚನ ಕಣ್ಣ ಮುಂದೆ ಅಕ್ಕನ ಮಗಳ ತೊಟ್ಟಿಲು ಬಂತು.

"ಮಗೀನ ಹೆಸರು, ಬುದ್ಧಿ. ಕಿವೀಲಿ ಒಬ್ಬರು ಒಂದ್ಸಲ ಹೇಳಿದ್ರಾಯ್ತು, ಊರೆಲ್ಲ ಅದನ್ನೇ ಕರೀತದೆ."

ದೊರೆ ತಲೆಯಾಡಿಸಿದ. "ಹತ್ತು ಬಾಗಿಲಲ್ಲೂ ಇಣುಕಬಹುದು. ಒಂದನ್ನು ಹೊಕ್ಕರೆ ಉಳಿದವು ಮುಚ್ಚುತ್ತವೆ. ಹಿಂತಿರುಗುವಂತಿಲ್ಲ."

"ಹೆಣ್ಣು ನೋಡೋದು, ಬುದ್ಧಿ. ಹತ್ತು ಮನೇಲಿ ಬೆಲ್ಲ ನೀರು ಕುಡೀಬೋದು, ತಾಳಿ ಒಂದೇ ಕಡೆ."

ಸಭೆ ನಕ್ಕಿತು. ಕೆಂಚನಿಗೆ ನಗು ಬರಲಿಲ್ಲ. ದೊರೆ ಅದನ್ನೂ ಒಪ್ಪಿ ಮೂರನೆಯದಕ್ಕೆ ಬಂದ.

"ಎಲೆಯಲ್ಲಿ ಅನ್ನವಿದೆ, ಹೊಟ್ಟೆಯಲ್ಲಿ ಹಸಿವಿದೆ, ಕೈ ಕಟ್ಟಿಲ್ಲ. ಆದರೂ ಎದುರುಬದುರು ಕೂತ ಇಬ್ಬರು ಹಸಿದೇ ಸಾಯುತ್ತಾರೆ. ಯಾಕೆ?"

ಕೆಂಚನಿಗೆ ಏನೂ ಹೊಳೆಯಲಿಲ್ಲ. ಅಕ್ಕನ ಮುಖವೂ ಮರೆತುಹೋಯಿತು. ಪಕ್ಕದಲ್ಲಿ ಭಟನ ಕತ್ತಿ ಒರೆಯಿಂದ ಹೊರಬಂತು.

"ಹೇಳಯ್ಯಾ!" ಎಂದ ದೊರೆ.

ದೊಡ್ಡವರ ಮುಂದೆ ಹುಟ್ಟಿನಿಂದ ಆಡಿದ ಮಾತೇ ಅವನ ಬಾಯಿಗೆ ಬಂತು. "ತಾವು... ತಾವು ಮೊದಲು, ಬುದ್ಧಿ."

ದೊರೆ ದಿಗ್ಗನೆ ಎದ್ದು ಕತ್ತಿಗೆ ಕೈ ಅಡ್ಡ ಹಿಡಿದ. "ಅದೇ! ಬುರುಜಿಂದ ಬುರುಜಿಗೆ ಹೋಗುವ ಓಲೆಗಳಲ್ಲೆಲ್ಲ ಅದೇ ಮಾತು! ಅವರು ಹೇಳಲಿ ಅಂತ ಇವರು, ಇವರು ಹೇಳಲಿ ಅಂತ ಅವರು!"

ಮೂರು ಒಗಟೂ ಬುರುಜಿನ ಪಂಡಿತರ ರೋಗಗಳೇ ಆಗಿದ್ದವು: ಹೆಸರು ಖಾಲಿ ಬಿಟ್ಟು ಕಾಯುವುದು, ಎಲ್ಲ ದಾರಿ ಇಣುಕಿ ಒಂದನ್ನೂ ಹಿಡಿಯದಿರುವುದು, ಒಬ್ಬರಿಗೊಬ್ಬರು ಕಾಯುವುದು. ಮದ್ದು ದೊರೆಗೂ ಗೊತ್ತಿರಲಿಲ್ಲ; ಅದನ್ನು ಹುಡುಕಲೆಂದೇ ಒಗಟು ಹಾಕಿದ್ದ. ಹಾಗಾದರೆ ಹೋದ ತಲೆಗಳ ಗತಿಯೇನು ಎಂದು ಕೇಳುವ ಎದೆ ಯಾರಿಗಿತ್ತು?

ಕೆಂಚನ ಉತ್ತರಗಳಿಂದ ಸೂತ್ರದ ಭಾಷೆಗೆ ಮೂರು ಮಾತು ಸೇರಿದವು. ಖಾಲಿ ಬಿಟ್ಟ ಹೆಸರನ್ನು ಒಬ್ಬ ತುಂಬಿದರೆ ಅದು ಎಲ್ಲರಿಗೂ ಸಲ್ಲಬೇಕು. ಮೊದಲು ಒಪ್ಪಿದ ದಾರಿ ಹಿಡಿದ ಮೇಲೆ ಉಳಿದವನ್ನು ಬಿಡಬೇಕು. ಇಬ್ಬರೂ ಕಾಯುತ್ತಿದ್ದರೆ ಕಿರಿಯನೇ ಮೊದಲು ಬಾಯಿ ಬಿಡಬೇಕು. ಕೆಂಚ ಕೇಳಿದ್ದು ಅಕ್ಕನ ತೀರ್ಪೊಂದೇ. ಸಂಜೆಯೊಳಗೆ ಅದು ಬಂತು. ಮಲ್ಲವ್ವ ನಿರಪರಾಧಿ.

ದೊರೆ ಕೊಟ್ಟ ಹೊನ್ನನ್ನು ಕೆಂಚ ಮುಟ್ಟಿಯೂ ನೋಡಲಿಲ್ಲ. ಸೆರೆಮನೆಯ ಬಾಗಿಲಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುಂದಿಟ್ಟ.

"ನೀ ಮೊದಲು ತಿನ್ನಕ್ಕಾ."

"ಸೊರಗಿದೀಯ, ನೀ ಮೊದಲು ತಿನ್ನೋ."

ಕೆಂಚ ಬಿಕ್ಕಿ ಬಿಕ್ಕಿ ಅಳತೊಡಗಿದ. ಯಾಕೆಂದು ಮಲ್ಲವ್ವನಿಗೆ ತಿಳಿಯಲಿಲ್ಲ. ಕಿರಿಯನಾದ ಅವನೇ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟುಕೊಂಡ. ಆಮೇಲೆ ಅವಳೂ ತಿಂದಳು.