ಗಾಳಿ ಸೀಳುವ ಚಕ್ರ

ಶಂಭುಲಿಂಗ ಎರಡು ಸಲ ತಪ್ಪಿದ್ದ. ಮೂರನೇ ಸಲ ತಪ್ಪಿದರೆ ಊರಿಗೆ ಹೋಗಬೇಕು.

ಹೊಳೆದಂಡೆಯ ಆ ಆಶ್ರಮದ ಕಟ್ಟಳೆ ಇಷ್ಟೇ. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಬೇಕು. ಹೊಳೆಗುಂಟ ಹೋಗಿ, ಉದ್ದನೆಯ ಸೇತುವೆ ದಾಟಿ, ತಿರುಗಿ ಬರಬೇಕು. ಒಟ್ಟು ತೊಂಬತ್ತು ಕಿಲೋಮೀಟರ್. ಊಟದ ಶಂಖ ಊದುವುದರೊಳಗೆ ಬಾಗಿಲ ಒಳಗಿರಬೇಕು. ಒಳಗಿದ್ದವನಿಗೆ ಗುರುಗಳು ಚಕ್ರ ಕಟ್ಟುವ ವಿದ್ಯೆ ಹೇಳಿಕೊಡುತ್ತಾರೆ. ಮೂರು ಸಲ ತಪ್ಪಿದವನಿಗೆ ಊಟ ಹಾಕಿ ಬಸ್ಸು ಹತ್ತಿಸುತ್ತಾರೆ.

ಸೈಕಲ್ಲೂ ಎಲ್ಲರ ಸೈಕಲ್ಲಿನಂತಲ್ಲ. ಆರಾಮಕುರ್ಚಿಯಲ್ಲಿ ಕೂತಂತೆ ಹಿಂದಕ್ಕೆ ಒರಗಿ, ಕಾಲು ಮುಂದಕ್ಕೆ ಚಾಚಿ ತುಳಿಯಬೇಕು. ಆಶ್ರಮದಲ್ಲಿ ಇಂಥ ಸೈಕಲ್ಲೇ ಯಾಕೆ ಎಂಬುದಕ್ಕೆ ಭಕ್ತರು ಏಳು ತಾತ್ವಿಕ ಕಾರಣ ಕೊಡುತ್ತಾರೆ.

ಗುರು ಚನ್ನಂಜಯ್ಯನವರಿಗೆ ಬೆನ್ನುನೋವು.

ಶಂಭುಲಿಂಗ ಯಾವುದನ್ನೂ ಸುಮ್ಮನೆ ನಂಬುವವನಲ್ಲ. ಆಶ್ರಮಕ್ಕೆ ಬಂದ ದಿನ ಪ್ರಸಾದವನ್ನೂ ಮೂಸಿ ನೋಡಿದ್ದ.

ಅವನು ಒಂದು ಹಾಳೆ ಹಿಡಿದು ಬಂದಾಗ ಗುರುಗಳು ಹುಣಸೆಮರದಡಿ ಕೂತು ರಿಮ್ಮಿಗೆ ಕಡ್ಡಿ ಹೆಣೆಯುತ್ತಿದ್ದರು.

"ಬುದ್ಧಿ, ಹೊಸ ಚಕ್ರ ಬೇಕು."

"ಇರೋವು ತಿರುಗ್ತಿಲ್ವಾ?"

"ತಿರುಗ್ತವೆ. ಗಾಳಿ ಸೀಳಲ್ಲ. ಇದು ನೋಡಿ, ಅಂಗೈ ಅಗಲದ ಕಾರ್ಬನ್ ರಿಮ್ಮು. ತೊಂಬತ್ತು ಕಿಲೋಮೀಟರಿಗೆ ಹದಿಮೂರು ನಿಮಿಷ ಉಳಿಯುತ್ತಂತೆ. ನಾನು ತಪ್ಪಿದ್ದು ಹನ್ನೊಂದು ನಿಮಿಷದಲ್ಲಿ."

"ಯಾರು ಅಳೆದಿದ್ದು?"

"ಮಾರೋರು."

"ನಂಬಿದ್ಯಾ?"

"ಇಲ್ಲ ಬುದ್ಧಿ. ಅದಕ್ಕೇ ಹದಿಮೂರರಲ್ಲಿ ಎರಡು ಕಳೆದೆ."

ಗುರುಗಳು ಹಾಳೆ ತೆಗೆದುಕೊಂಡರು.

"ಯಾವ ಸೈಕಲ್ ಮೇಲೆ ಅಳೆದ್ರು?"

"ಮುಂದಕ್ಕೆ ಬಗ್ಗಿ ತುಳಿಯೋ ಸೈಕಲ್ ಮೇಲೆ."

"ಅದರಲ್ಲಿ ಗಾಳಿಗೆ ಮೊದಲು ಎದುರಾಗೋದು ಮುಂದಿನ ಚಕ್ರ. ನಿನ್ನ ಸೈಕಲ್ಲಲ್ಲಿ?"

ಶಂಭುಲಿಂಗ ಯೋಚಿಸಿದ. "ನನ್ನ ಪಾದ."

"ಹಂಗಾದ್ರೆ ಪಾದಕ್ಕೆ ಕಾರ್ಬನ್ ಹಾಕ್ಸು."

ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಜೋಡಿ ಇತ್ತು. ಇನ್ನೂ ಹಗುರ, ಬೆಲೆಯೂ ಕಡಿಮೆ. ಗುರುಗಳು ಚಿತ್ರವನ್ನು ಬೆಳಕಿಗೆ ಹಿಡಿದರು.

"ಡಿಸ್ಕ್ ಬ್ರೇಕಿನ ಬಿಲ್ಲೆ ಎಲ್ಲಿ ಕೂರ್ಸ್ತೀಯಾ?"

ಆಶ್ರಮದ ಸೈಕಲ್ಲುಗಳಿಗೆ ಬ್ರೇಕು ಹಿಡಿಯುವುದು ಚಕ್ರದ ನಡುವಿನ ಉಕ್ಕಿನ ಬಿಲ್ಲೆಯನ್ನು. ಚಿತ್ರದ ಚಕ್ರಕ್ಕೆ ಬಿಲ್ಲೆ ಕೂರುವ ಜಾಗವೇ ಇರಲಿಲ್ಲ.

"ಕೂರಲ್ಲ ಬುದ್ಧಿ."

"ಭಾರಿ ವೇಗದ ಚಕ್ರ," ಎಂದರು ಗುರುಗಳು.

ಮಾರನೇ ದಿನ ಅವರು ಕೊಟ್ಟಿಗೆಯಿಂದ ಅಂಗೈ ಅಗಲದ ಕಾರ್ಬನ್ ಜೋಡಿಯೊಂದನ್ನು ತಂದರು. ಯಾರೋ ಭಕ್ತರು ಬಿಟ್ಟುಹೋದದ್ದು. ಜೊತೆಗೆ, ಮುಗಿದುಹೋದ ಸಮಾರಂಭವೊಂದರ ಫಲಕದಿಂದ ಕತ್ತರಿಸಿದ ಎರಡು ತೆಳು ಪ್ಲಾಸ್ಟಿಕ್ ತಟ್ಟೆಗಳು. ಒಂದರ ಮೇಲೆ 'ಸುಸ್ವಾ' ಎಂದಿತ್ತು. ಹಳೇ ಹಿಂಚಕ್ರದ ಎರಡೂ ಬದಿಗೆ ಬಿಗಿದರೆ ಕಡ್ಡಿ ಮುಚ್ಚಿಹೋಗುತ್ತವೆ, ಗಾಳಿ ಸಿಕ್ಕಿಕೊಳ್ಳದೆ ಜಾರಿಹೋಗುತ್ತದೆ. ಬಿಲ್ಲೆಗೆ ತಾಗದಂತೆ ಎಡಗಡೆಯ ತಟ್ಟೆಯಲ್ಲಿ ತೂತು ಬಿಟ್ಟಿದ್ದರು.

"ಏರಿ ಮೇಲಿಂದ ತುಳಿಯದೆ ಇಳಿ. ಎಲ್ಲಿ ನಿಲ್ಲುತ್ತೋ ಅಲ್ಲಿ ಗೆರೆ ಎಳೀತೀನಿ."

ಹಳೇ ಚಕ್ರಕ್ಕಿಂತ ಕಾರ್ಬನ್ ಜೋಡಿ ಹದಿನಾಲ್ಕು ಹೆಜ್ಜೆ ಮುಂದೆ ಹೋಯಿತು. ತಟ್ಟೆ ಬಿಗಿದ ಹಳೇ ಚಕ್ರ ಹನ್ನೊಂದು ಹೆಜ್ಜೆ.

ಶಂಭುಲಿಂಗನಿಗೆ ಮೊದಲು ಗಾಳಿಯ ಮೇಲೆ ಅನುಮಾನ ಬಂತು. ಇನ್ನೊಮ್ಮೆ ಇಳಿದ. ಆಮೇಲೆ ಗೆರೆಯ ಮೇಲೆ ಬಂತು. ಇನ್ನೊಮ್ಮೆ ಇಳಿದ. ಹೆಜ್ಜೆ ಹಾಕಿದ ತನ್ನ ಕಾಲಿನ ಮೇಲೂ ಬಂತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಸಲ ಇಳಿದಿದ್ದ. ಗೆರೆಗಳು ಮಾತ್ರ ಇದ್ದಲ್ಲೇ ಇದ್ದವು.

"ಕಾರ್ಬನ್ನೇ ಮೇಲು," ಎಂದ.

"ಸೇತುವೆ ಮೇಲೆ ಅಡ್ಡಗಾಳಿ ಇದೆ. ಅಗಲದ ಮುಂಚಕ್ರ ನಿನ್ನ ಕೈಯಿಂದ ಹ್ಯಾಂಡಲ್ ಕಿತ್ಕೊಳ್ಳುತ್ತೆ. ಮೂರು ಹೆಜ್ಜೆ ಆಸೆಗೆ ಹೊಳೆಗೆ ಬೀಳ್ತೀಯಾ? ಹಿಂದೆ ತಟ್ಟೆ ಹಾಕ್ಕೋ. ಮುಂದೆ ಹಳೇದೇ ಇರಲಿ."

ಶಂಭುಲಿಂಗ ಕಾರ್ಬನ್ ಜೋಡಿಯನ್ನೂ ಗುರುಗಳನ್ನೂ ಒಂದೊಂದು ಸಲ ನೋಡಿದ.

"ಇದನ್ನ ಯಾರಿಗೆ ಎತ್ತಿಟ್ಟಿದೀರಿ ಬುದ್ಧಿ?"

"ಗಾಳಿ ಬೀಸದ ಊರಿನೋರಿಗೆ."

ಗುರುಗಳು ತಟ್ಟೆ ಬಿಗಿಯುತ್ತಾ ಕೇಳಿದರು. "ಹೋದ ಸಲ ದಾರೀಲಿ ಎಷ್ಟು ಕಡೆ ನಿಂತೆ?"

"ನಿಂತಿಲ್ಲ. ಪರೀಕ್ಷೆ ಮಾಡಿದೆ."

"ಏನನ್ನ?"

"ಬ್ರೇಕಿನ ಬಿಲ್ಲೆ ಉಜ್ಜಿದ ಹಾಗೆ ಅನ್ನಿಸ್ತು. ಇಳಿದು, ಚಕ್ರ ಎತ್ತಿ, ತಿರುಗಿಸಿ, ಕಿವಿ ಇಟ್ಟೆ."

"ಉಜ್ಜುತ್ತಿತ್ತಾ?"

"ಇಲ್ಲ. ಅದಕ್ಕೇ ಅನುಮಾನ ಜಾಸ್ತಿ ಆಯ್ತು."

"ಎಷ್ಟು ಸಲ?"

"ಅನುಮಾನ ಬಂದಾಗೆಲ್ಲ."

"ಉಜ್ಜಲ್ಲ, ಇಳೀಬೇಡ ಅಂತ ನಾನು ಹೇಳಿದ್ರೆ ನಂಬ್ತೀಯಾ?"

"ನೀವು ಹೇಳಿದ ಮೇಲೆ ನಂಬದೆ ಇರ್ತೀನಾ ಬುದ್ಧಿ? ಆದ್ರೂ ಒಂದು ಸಲ ಇಳಿದು ನೋಡ್ಬಿಡ್ತೀನಿ."

ಗುರುಗಳು ತಟ್ಟೆಯ ಕೊನೇ ಕಟ್ಟು ಬಿಗಿದು ಎದ್ದರು.

ಹೊರಡುವ ದಿನ ಶಂಭುಲಿಂಗ ಬೇಗ ಎದ್ದು ಸೈಕಲ್ ನೋಡಲು ಹೋದ. ಗುರುಗಳು ಹಿಂಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಪಾನಾ ಇತ್ತು.

"ಏನು ಮಾಡ್ತಿದೀರಿ ಬುದ್ಧಿ?"

ಅವರು ಎದ್ದು ಕೈ ಒರೆಸಿಕೊಂಡರು. "ಚೆನ್ನಾಗಿದೆ," ಎಂದು ಸ್ನಾನಕ್ಕೆ ನಡೆದರು.

ಏಳು ಹೊಡೆಯಿತು. ಶಂಭುಲಿಂಗ ಹೊರಟ. ಮೊದಲ ತಿರುವು ದಾಟುವ ಮುಂಚೆಯೇ ಹಿಂದಿನಿಂದ ಸದ್ದು ಬಂತು.

ಸಿರ್.

ಚಕ್ರ ಒಂದು ಸುತ್ತು ಬಂದಾಗೊಮ್ಮೆ, ಸಿರ್.

ಅಭ್ಯಾಸದಂತೆ ಒಂದು ಕಾಲು ಕೆಳಕ್ಕೆ ಬಿಟ್ಟ. ಅಷ್ಟರಲ್ಲಿ ಪಾನಾ ನೆನಪಾಯಿತು.

ಈ ಸಲ ಕಿವಿ ಇಟ್ಟು ನೋಡುವ ಅಗತ್ಯವಿರಲಿಲ್ಲ. ಮಾಡಿದವರು ಯಾರೆಂದು ಗೊತ್ತಿತ್ತು. ಒಳ್ಳೇ ಜೋಡಿ ಕೊಡದವರು, ಫಲಕ ಕತ್ತರಿಸಿ ಕಟ್ಟಿದವರು, ಈಗ ಬ್ರೇಕು ಬಿಗಿದಿದ್ದಾರೆ. ನಾನು ಇಳಿದು ಸರಿಮಾಡಿಕೊಳ್ಳಲಿ, ಹೊತ್ತಾಗಲಿ, ಬಸ್ಸು ಹತ್ತಲಿ ಎಂದು.

ಇಳಿಯಬಾರದು ಎಂದುಕೊಂಡ. ಕಾಲು ಮೇಲಕ್ಕೆತ್ತಿ ತುಳಿದ.

ಒಂದೊಂದು ಸಿರ್‌ಗೂ ಗುರುಗಳ ಒಂದೊಂದು ಹಳೇ ಅಪರಾಧ ನೆನಪಿಗೆ ಬಂತು. ಮೊದಲ ದಿನ ಬೇಗ ಎಬ್ಬಿಸಿದ್ದು. ಎರಡನೇ ಸಲ ತಪ್ಪಿದಾಗ ನಕ್ಕಂತೆ ಕಂಡದ್ದು. ತೊಂಬತ್ತು ಕಿಲೋಮೀಟರಿಗೆ ಸಾಲುವಷ್ಟು ಸಾಮಗ್ರಿ ಸಿಕ್ಕಿತು.

ಸೇತುವೆಯ ಮೇಲೆ ಅಡ್ಡಗಾಳಿ ಬೀಸಿತು. ಹಳೇ ಮುಂಚಕ್ರ ಅಲುಗಲಿಲ್ಲ. ಅದನ್ನು ಮೆಚ್ಚಿಕೊಳ್ಳಲು ಅವನಿಗೆ ಬಿಡುವಿರಲಿಲ್ಲ.

ಆಶ್ರಮದ ಬಾಗಿಲು ಹೊಕ್ಕಾಗ ಗುರುಗಳು ಹುಣಸೆಮರದಡಿ ಒಬ್ಬರೇ ಇದ್ದರು. ಶಂಭುಲಿಂಗ ಸೈಕಲ್ಲನ್ನು ಅವರ ಮುಂದೆ ತಂದು ನಿಲ್ಲಿಸಿದ. ಏದುಸಿರು ಬಿಡುತ್ತಿದ್ದ.

"ಬುದ್ಧಿ, ಬ್ರೇಕು ಮುಟ್ಟಿದೋರು ನೀವೇ."

"ನಾನೇ. ಸದ್ದಾಗೋವಷ್ಟು. ತಡೆಯೋವಷ್ಟಲ್ಲ."

"ದಾರಿಯುದ್ದಕ್ಕೂ ನಿಮ್ಮ ಮೇಲೇ ಅನುಮಾನ ಪಟ್ಟೆ. ಬೈದೆ ಕೂಡ."

"ಪಡು. ಎಷ್ಟು ಕಡೆ ಇಳಿದೆ?"

ಶಂಭುಲಿಂಗ ಬಾಯಿ ತೆರೆದ. ದಾರಿಯನ್ನೆಲ್ಲ ಮನಸ್ಸಿನಲ್ಲೇ ಮತ್ತೊಮ್ಮೆ ಹೋಗಿ ಬಂದ.

"ಎಲ್ಲೂ ಇಲ್ಲ," ಎಂದ.

ಆಗ ಒಳಗಿನಿಂದ ಊಟದ ಶಂಖ ಮೊಳಗಿತು.

ಗುರುಗಳು ಮೊಣಕಾಲು ಹಿಡಿದುಕೊಂಡು ಎದ್ದರು.

"ನನ್ನ ಮೇಲೆ ಅನುಮಾನ ಪಡೋಕೆ ಸೈಕಲ್ ಇಳೀಬೇಕಾಗಿಲ್ಲ, ಮರಿ."