ಆಮೆನ್ ಅನ್ನೋತನಕ

ನಮ್ಮ ದೇವದಾನ ಅಯ್ಯನವರು ಚರ್ಚಿನ ಪಾದ್ರಿ ಕೆಲಸದಿಂದ ನಿವೃತ್ತರಾದರು, ಓಣಿಯ ಕೆಲಸದಿಂದ ಆಗಲಿಲ್ಲ. ಕಚೇರಿಗೆ ಅಲೆದಲೆದು ಓಣಿಗೆ ನಳ ಹಾಕಿಸಿದವರು ಅವರೇ. ಉದ್ಘಾಟನೆಗೆ ಮಾತ್ರ ಮೆಂಬರ್ ಗುರುಬಸಪ್ಪ ಬಂದ.

"ಮೊದಲು ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ರಿ. ಆಮೇಲೆ ನನ್ನ ಭಾಷಣ. ಅಲ್ಲೀತನಕ ಯಾರೂ ಕೊಡ ಇಡಬಾರದು!"

ಹೆಂಗಸರ ಮುಖ ಬಾಡಿತು. ನಳಕ್ಕೆ ಆಗಲೇ ನೀರು ಬಿಟ್ಟಿದ್ದರು, ಬರುವುದೇ ಅರ್ಧ ತಾಸು. ನಿಂತರೆ ಮುಂದಿನ ವಾರವೇ.

"ಆಗಲ್ರಿ ಸಾಹೇಬ್ರ," ಅಂದರು ಅಯ್ಯನವರು. "ಆದ್ರ ಆಮೆನ್ ಅನ್ನೋತನಕ ಕಣ್ಣು ತೆರೀಬಾರದು, ನೋಡ್ರಿ."

ಮೆಂಬರ್ ಕಣ್ಣು ಮುಚ್ಚಿದ. ಅಯ್ಯನವರು ಒಂದು ಕಣ್ಣು ತೆರೆದು ಹೆಂಗಸರಿಗೆ ಸನ್ನೆ ಮಾಡಿ ಶುರು ಹಚ್ಚಿಕೊಂಡರು. ಅಬ್ಬಬ್ಬಾ, ಅಂಥ ಪ್ರಾರ್ಥನೆ ನಾನು ಚರ್ಚಿನಲ್ಲೂ ಕೇಳಿಲ್ಲ! ಮೆಂಬರನ ಧಾರಾಳತನ, ಮೀಸೆ, ಮುತ್ತಜ್ಜ, ಒಂದೂ ಬಿಡಲಿಲ್ಲ. ನಳದ ಕೆಳಗೆ ಕೊಡಗಳು ಬುಳುಬುಳು ಅಂದವು.

"ಏನ್ರೀ ಅದು ಸಪ್ಪಳ?" ಅಂದ ಮೆಂಬರ್, ಕಣ್ಣು ಮುಚ್ಚಿಕೊಂಡೇ.

"ಕರ್ತನೇ, ಯಾವ ಸಪ್ಪಳಕ್ಕೂ ಅಲುಗದ ಮನಸ್ಸು ಇವರದು!"

ಮೆಂಬರ್ ಅಲುಗಲಿಲ್ಲ.

ಕೊನೆಗೆ ರಾಹೇಲಜ್ಜಿ ಕೂಗಿದಳು: "ನಂದೂ ತುಂಬಿತ್ರಿ ಅಯ್ಯನವರ, ಇನ್ನ ಆಮೆನ್ ಅನ್ರಿ!"

"ಆಮೆನ್!"

ಮೆಂಬರ್ ಕಣ್ಣು ತೆರೆದ. ನಳ ನಿಂತಿತ್ತು, ಕೊಡಗಳೆಲ್ಲ ತುಂಬಿದ್ದವು. ಓಣಿಯೇ ಉಸಿರು ಬಿಗಿಹಿಡಿಯಿತು. ಅವನೋ ಕಣ್ಣೊರೆಸಿಕೊಂಡು ಅಯ್ಯನವರ ಕಾಲಿಗೆ ಬಿದ್ದ.

"ನಾನು ಇಷ್ಟು ದೊಡ್ಡ ಮನುಷ್ಯಾ ಅಂತ ನನಗ ಗೊತ್ತ ಇರಲಿಲ್ರಿ!"