ಉಜ್ಜಿ ಬಿಳುಪಾದ ಹೆಂಚು

"ಗುರುಗಳೇ, ಇರುವುದು ಒಂದೇ ಮೈ, ಹರಿಯುವುದು ಒಂದೇ ರಕ್ತ. ಆದರೂ ಅಂಗೈ ಬೆಳ್ಳಗಿದೆ, ಕತ್ತು ಕಪ್ಪಗಿದೆ, ಮೊಣಕೈ ಇನ್ನೂ ಕಪ್ಪಗಿದೆ. ಹೀಗೇಕೆ?" ಎಂದು ಚನ್ನವೀರ ಕೇಳಿದ.

ಅವನು ಮಠಕ್ಕೆ ಹೊಸ ಶಿಷ್ಯ. ಮೈ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ಹಿಂದಿನ ಜನ್ಮದ ಪಾಪ ಕೂತಿರುತ್ತದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ದಿನವೂ ಕೊಳದ ಮೆಟ್ಟಿಲ ಮೇಲೆ ಕೂತು ಕಲ್ಲಿನಿಂದ ಉಜ್ಜಿಕೊಳ್ಳುತ್ತಿದ್ದ. ಕತ್ತಿನ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಪಾಪ ಹೋಗದಿದ್ದರೆ ದೀಕ್ಷೆ ಸಿಗದು ಎಂಬ ಭಯ ಅವನಿಗೆ.

ಗುರುಗಳು ಆ ಕತ್ತನ್ನು ನೋಡಿದರು. ಕೂರಲು ಹೇಳಿ ಕತೆ ತೆಗೆದರು.

ಒಬ್ಬ ವ್ಯಾಪಾರಿಯ ಮನೆಗೆ ಹೊಸ ಸೊಸೆ ಬಂದಳು. ತಾಯಿಯಿಲ್ಲದೆ ಬೆಳೆದ ಹುಡುಗಿ. ಸಂಸಾರ ನಿಭಾಯಿಸುತ್ತಾಳೋ ಇಲ್ಲವೋ ಎಂಬ ಚಿಂತೆ ಅವಳ ಅಪ್ಪನಿಗೆ. ಕಣ್ಣಾರೆ ನೋಡಿಕೊಂಡು ಹೋಗಲು ನಾಳೆ ಬರುತ್ತೇನೆಂದು ಹೇಳಿಕಳಿಸಿದ. ತನ್ನ ಕೈಯಾರೆ ದೋಸೆ ಹುಯ್ದು ಬಡಿಸಿ, ಅಪ್ಪನನ್ನು ನಿಶ್ಚಿಂತೆಯಿಂದ ಕಳಿಸಬೇಕು ಎಂದು ಸೊಸೆ ಅಂದುಕೊಂಡಳು. ಅವಳ ಆಸೆ ಇಷ್ಟೇ.

ಅಡುಗೆಮನೆಯಲ್ಲಿ ಹಿತ್ತಾಳೆ, ತಾಮ್ರ ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ಕಬ್ಬಿಣದ ದೋಸೆ ಹೆಂಚೊಂದು ಮಾತ್ರ ಕರ್ರಗೆ ಕೂತಿತ್ತು. ಅಪ್ಪ ಇದನ್ನು ಕಂಡರೆ ಮಗಳು ಸೋಮಾರಿ ಎನ್ನುವುದಿಲ್ಲವೇ? ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿ ಅದನ್ನು ಬಚ್ಚಲಿಗೆ ಒಯ್ದಳು. ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಉಜ್ಜಿದಳು. ರಟ್ಟೆ ಬಿದ್ದುಹೋದರೂ ಬಿಡಲಿಲ್ಲ. ಹಟಕ್ಕೆ ಬಿದ್ದ ಹೆಣ್ಣಿನ ಮುಂದೆ ಕಬ್ಬಿಣದ ಆಟ ನಡೆದೀತೇ? ಸಂಜೆಯ ಹೊತ್ತಿಗೆ ಹೆಂಚು ಬೆಳ್ಳಗಾಯಿತು. ಅವಳಿಗೆ ಹಿಗ್ಗೋ ಹಿಗ್ಗು.

ಬೆಳಿಗ್ಗೆ ಅಪ್ಪ ಬಂದು ಎಲೆಯ ಮುಂದೆ ಕೂತ. ಸೊಸೆ ಹಿಟ್ಟು ಹುಯ್ದಳು. ಹಿಟ್ಟು ಹೆಂಚಿಗೆ ಕಚ್ಚಿಕೊಂಡಿತು. ಸಟ್ಟುಗ ಹಾಕಿದರೆ ಚೂರು ಚೂರಾಗಿ ಎದ್ದಿತು. ಎಣ್ಣೆ ಸುರಿದು ಇನ್ನೊಂದು ಹುಯ್ದಳು, ಅದೂ ಹಾಗೇ. ಬೇರೆ ದಾರಿ ಕಾಣದೆ ಆ ಚೂರುಗಳನ್ನೇ ಬಡಿಸಿದಳು. "ಚೆನ್ನಾಗೈತೆ ಮಗಾ" ಎಂದು ಅಪ್ಪ ತಲೆ ತಗ್ಗಿಸಿ ತಿಂದ. ಆ ತಗ್ಗಿದ ತಲೆ ಕಂಡು ಅವಳು ಒಲೆಯ ಮುಂದೆ ಬಂದು ಅತ್ತುಬಿಟ್ಟಳು.

ಅತ್ತೆ ಒಳಗೆ ಬಂದು ಹೆಂಚನ್ನು ನೋಡಿದಳು.

"ಯಾಕವ್ವ ಹಿಂಗೆ ಉಜ್ಜಿದೆ?"

"ಕೊಳೆ ಅಂದ್ಕೊಂಡೆ ಅತ್ತೆ. ಹಿಡಿ ಚೊಕ್ಕಟವಾಗಿತ್ತು, ಹೊಟ್ಟೆ ಮಾತ್ರ ಕರ್ರಗಿತ್ತು."

"ಹಿಡಿಗೆ ಬೆಂಕಿ ತಾಗಿದ್ದೆಲ್ಲಿ ಮಗಳೇ? ಬೇಯೋ ಜಾಗ ಬೆಂದೂ ಬೆಂದೂ ಕಪ್ಪಾಯ್ತು. ಆ ಕಪ್ಪು ಇದ್ದಿದ್ದಕ್ಕೇ ಇಷ್ಟು ವರ್ಷ ದೋಸೆ ಎದ್ದು ಬಂತು."

ಅತ್ತೆ ಬೈಯಲಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ, ಹೆಂಚಿಗೆ ಸವರಿ ಒಲೆಯ ಮೇಲಿಟ್ಟಳು. ಆದರೆ ಉಜ್ಜಿದ ಹೆಂಚು ಮತ್ತೆ ಪಳಗಲು ದಿನಗಟ್ಟಲೆ ಬೇಕು. ಅಪ್ಪ ಅಷ್ಟು ದಿನ ಇರುವಂತಿರಲಿಲ್ಲ. ಬರುವಾಗ ತಂದ ಚಿಂತೆಯನ್ನು ಹೊತ್ತುಕೊಂಡೇ ಮಧ್ಯಾಹ್ನ ಊರಿಗೆ ಹೊರಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಪಟ್ಟು ಬಿಡಲಿಲ್ಲ.

"ಅದು ಹೆಂಚು ಗುರುಗಳೇ, ಇದು ಮೈ. ಪಾಪವಲ್ಲದಿದ್ದರೆ ಈ ಜಾಗಗಳು ಮಾತ್ರ ಕಪ್ಪೇಕೆ?"

ಗುರುಗಳು ಹೇಳಿದರು: "ನಿನ್ನ ಮೇಲೆ ಬೀಳುವ ಬಿಸಿಲಿಗೆ ತಾನು ಮುಂದಾಗಿ ನಿಂತ ಕತ್ತು, ನಿನ್ನ ಭಾರವನ್ನೆಲ್ಲ ನೆಲಕ್ಕೆ ಊರಿ ಹೊತ್ತ ಮೊಣಕೈ, ಇವೇ ಪಾಪವಾದರೆ ನಿನ್ನ ಮೈಯಲ್ಲಿ ಪುಣ್ಯ ಮಾಡಿದ್ದು ಯಾವುದಪ್ಪಾ?"